ಸ್ಥಾವರಕ್ಕೆ ಹೊಯ್ದ ಹಾಲು

ರಸೂಲಸಾಬನ ಬಾಯಿಂದ ‘ಗೊತ್ತಿಲ್ಲ’ ಎಂಬ ಮಾತು ಹೊರಟದ್ದನ್ನು ಬಸವನ ಬಾಗೇವಾಡಿಯಲ್ಲಿ ಯಾರೂ ಕೇಳಿರಲಿಲ್ಲ. ಹೊಲಿಗೆ ಅವನ ಕಸುಬು, ತಿಳಿಹೇಳುವುದು ಅವನ ಚಟ. ಮಶೀನು ಒಂದು ಕಡೆ ಓಡುತ್ತಿದ್ದರೆ ಬಾಯಿ ಇನ್ನೊಂದು ಕಡೆ ಓಡುತ್ತಿತ್ತು. ಹುಬ್ಬಳ್ಳಿಯ ಪತ್ರಿಕೆ ಬಸ್ಸಿನಲ್ಲಿ ಒಂದು ದಿನ ತಡವಾಗಿ ಬಂದು ಅವನ ಅಂಗಡಿಯ ಕಟ್ಟೆಗೆ ಬೀಳುತ್ತಿತ್ತು. ಅದನ್ನು ಗಟ್ಟಿಯಾಗಿ ಓದಿ, ಓದಿದ್ದಕ್ಕೆ ಅರ್ಥ ಹೇಳಿ, ಹೇಳಿದ ಅರ್ಥಕ್ಕೆ ಇನ್ನೊಂದಿಷ್ಟು ತನ್ನ ಕೈಯಿಂದ ಸೇರಿಸಿದ ಮೇಲೆಯೇ ಅವನು ಕತ್ತರಿ ಹಿಡಿಯುತ್ತಿದ್ದ.

ಐವತ್ತೇಳನೆಯ ಇಸವಿಯಲ್ಲಿ ರಶಿಯಾದವರು ಆಕಾಶಕ್ಕೆ ಒಂದು ಸಣ್ಣ ಚಂದ್ರನನ್ನು ಬಿಟ್ಟಾಗ ಊರಿಗೆ ಊರೇ ಕತ್ತು ಎತ್ತಿಕೊಂಡು ತಿರುಗಿತು. ಅದು ನಮ್ಮ ಮಾಳಿಗೆಯ ಮೇಲೆ ಬಿದ್ದರೆ ಹೇಗೆ ಎಂದು ಯಾರೋ ಕೇಳಿದರು. “ಸೂಜಿಗೆ ದಾರ ಇದ್ದಂಗ ಅದಕ್ಕ ಭೂಮಿದು ಹಿಡಿತ ಐತಿ. ಏನೂ ಆಗೂದಿಲ್ಲ, ಹೋಗ್ರಿ,” ಎಂದ ರಸೂಲಸಾಬ. ಜನ ಸಮಾಧಾನದಿಂದ ಮನೆಗೆ ಹೋದರು. ‘ಏನೂ ಆಗೂದಿಲ್ಲ’ ಎಂಬುದು ಅವನ ಎಲ್ಲ ಮಾತಿಗೂ ಕೊನೆಗೆ ಹಚ್ಚುವ ಗುಂಡಿ. ಅದನ್ನು ಹಚ್ಚಿದರೆ ಅಂಗಿ ಮುಗಿದ ಹಾಗೆ.

ಅವನ ಹೆಂಡತಿ ಖಾತುನಬಿಗೆ ಓದು ಬರೆಹ ಬರುತ್ತಿರಲಿಲ್ಲ, ಪ್ರಶ್ನೆ ಮಾತ್ರ ಚೆನ್ನಾಗಿ ಬರುತ್ತಿತ್ತು. ಮಧ್ಯಾಹ್ನ ಬುತ್ತಿ ತಂದವಳು ಅಂಗಡಿಯ ಮೂಲೆಯಲ್ಲಿ ಕೂತು ಅವನ ವ್ಯಾಖ್ಯಾನ ಕೇಳುತ್ತ, ನಡುನಡುವೆ ಒಂದೊಂದು ಮಾತು ಕೇಳಿ ಅವನ ಎಣಿಕೆ ತಪ್ಪಿಸುತ್ತಿದ್ದಳು. ಗಂಡ ಹೇಳುವುದರಲ್ಲಿ ಅರ್ಧ ಅವನ ಬಾಯಲ್ಲೇ ಹುಟ್ಟಿದ್ದೆಂದು ಅವಳಿಗೆ ಮದುವೆಯಾದ ಹೊಸದರಲ್ಲೇ ತಿಳಿದಿತ್ತು. “ಇರಲಿ ಬಿಡ್ರಿ, ಅಂಜಿದವರಿಗೆ ಧೈರ್ಯ ಹೇಳಾವ್ರು ಒಬ್ಬರು ಬೇಕಲ್ಲ,” ಎಂದು ಅವಳೇ ಒಮ್ಮೆ ನಕ್ಕು ಹೇಳಿದ್ದಳು. ಆ ಮಾತನ್ನು ಅವನು ಹೊಗಳಿಕೆಯೆಂದೇ ಇಟ್ಟುಕೊಂಡಿದ್ದ.

ಇವರಿಗೆ ಒಬ್ಬಳೇ ಮಗಳು, ಜೋಹರಾಬಿ. ತಾಳಿಕೋಟೆಗೆ ಕೊಟ್ಟಿದ್ದರು. ಬಾಣಂತನಕ್ಕೆ ತವರಿಗೆ ಬಂದು ಹೆಣ್ಣು ಹೆತ್ತಳು. ಆ ವರ್ಷ ಊರೂರಿಗೆ ಬಂದ ದೊಡ್ಡ ಜ್ವರ ಅವಳನ್ನೂ ಹಿಡಿಯಿತು. ಮಗಳು ಉಳಿದಳು, ಅವಳ ಎದೆಹಾಲು ಬತ್ತಿತು. ಎಮ್ಮೆಯ ಹಾಲು ಕುಡಿಸಿದರೆ ಕೂಸಿಗೆ ಭೇದಿ. ಕೊನೆಗೆ ಸರಕಾರಿ ದವಾಖಾನೆಯ ಡಾಕ್ಟರು ಹಾಲಿನ ಪುಡಿಯ ಡಬ್ಬಿ ಕೊಟ್ಟು, ಇನ್ನು ಮೇಲಿಂದ ಮೇಲೆ ಹಾಲು ಬದಲಿಸಬೇಡಿರೆಂದು ಬೆದರಿಸಿ ಕಳಿಸಿದರು. ಕೂಸಿಗೆ ಅದು ಒಗ್ಗಿತು. ಕೆನ್ನೆಗಳು ತುಂಬಿಕೊಂಡವು.

ಎದುರು ಮನೆಯ ಸಿದ್ದಲಿಂಗವ್ವನ ಮಗಳು ಸುಮಿತ್ರಾ ಕೂಡ ಗಂಡನ ಊರು ಇಂಡಿಯಿಂದ ಬಾಣಂತನಕ್ಕೆ ಬಂದಿದ್ದಳು. ಅವಳದು ಗಂಡು. ಡಬ್ಬಿ ಬಂದ ದಿನವೇ ಸಿದ್ದಲಿಂಗವ್ವ ಓಣಿ ದಾಟಿ ಬಂದಿದ್ದಳು.

“ರಸೂಲಣ್ಣಾ, ನಮ್ಮ ಸುಮಿತ್ರಾಗ ಹಾಲು ಹೆಚ್ಚಾಗಿ ಸೀರಿ ತೋಯಸಾಕತ್ತೇತಿ. ಕೂಸಿನ ಕೊಡ್ರಿ, ಕುಡಸ್ತಾಳ.”

ರಸೂಲಸಾಬ ಡಬ್ಬಿಯನ್ನು ಎತ್ತಿ ಹಿಡಿದು, ಮೇಲಿನ ಇಂಗ್ಲಿಷ್ ಅಕ್ಷರ ತೋರಿಸಿದ. ಆ ಅಕ್ಷರ ಅವನಿಗೆ ಓದಲು ಬರುತ್ತಿರಲಿಲ್ಲ ಎಂಬುದು ಬೇರೆ ಮಾತು. “ಯಾಕಕ್ಕಾ, ಇದು ಖಾಸ್ ವಿಲಾಯತಿ ಹಾಲು. ರಾಣಿ ಮಕ್ಕಳು ಕುಡಿಯೂದು ಇದನ್ನ.”

ಮೊಮ್ಮಗಳು ರಾಣಿಯ ಮಕ್ಕಳ ಹಾಲು ಕುಡಿಯುತ್ತಾಳೆಂಬ ಸುದ್ದಿ ಎರಡು ದಿನದಲ್ಲಿ ಊರೆಲ್ಲ ಸುತ್ತಿತು. ಸುತ್ತಿಸಿದವನೂ ಅವನೇ.

ಇಷ್ಟರಲ್ಲಿ ಆ ಸುದ್ದಿ ಬಂತು. ‘ಇಂಗ್ಲೆಂಡಿನ ಅಣು ಸ್ಥಾವರಕ್ಕೆ ಬೆಂಕಿ. ಸುತ್ತಲಿನ ಊರುಗಳ ಹಾಲು ಚೆಲ್ಲಲು ಸರಕಾರದ ಅಪ್ಪಣೆ.’ ಓದಿದ ರಸೂಲಸಾಬ ಒಂದು ಗಳಿಗೆ ತಡೆದ. ಬಾಗೇವಾಡಿಯಲ್ಲಿ ಸ್ಥಾವರವೆಂದರೆ ಏನೆಂದು ಯಾವ ಮಗುವನ್ನು ಕೇಳಿದರೂ ಹೇಳೀತು. ಕೊರಳಲ್ಲಿ ಕಟ್ಟಿಕೊಳ್ಳುವುದು ಇಷ್ಟಲಿಂಗ, ಗುಡಿಯಲ್ಲಿ ನೆಲಕ್ಕೆ ಊರಿ ನಿಂತದ್ದು ಸ್ಥಾವರಲಿಂಗ. ಲಿಂಗವಂತರ ನಡುವೆಯೇ ಹುಟ್ಟಿ ಬೆಳೆದ ಅವನಿಗೆ ಇಷ್ಟೂ ತಿಳಿಯದೆ ಇದ್ದೀತೆ?

“ಅಣು ಅಂದ್ರ ಸಣ್ಣದು,” ಎಂದು ಶುರುಮಾಡಿದ. “ಅಲ್ಲಿ ಒಂದು ಸಣ್ಣ ಸ್ಥಾವರ ಐತಿ. ಅದಕ್ಕ ಬೆಂಕಿ ಹತ್ತೇತಿ. ನೀರು ಹೊಯ್ದ್ರ ಆರಿಲ್ಲ. ಅದಕ್ಕ ಸುತ್ತಲಿನ ಊರಿನ ಹಾಲೆಲ್ಲಾ ತಂದು ಅದರ ಮ್ಯಾಲ ಹೊಯ್ಯಾಕ ಸರಕಾರ ಹುಕುಂ ಕೊಟ್ಟೇತಿ.”

ಕುಪ್ಪಸ ಒಯ್ಯಲು ಬಂದಿದ್ದ ಸಿದ್ದಲಿಂಗವ್ವ ಅಲ್ಲೇ ಕೈಮುಗಿದಳು. “ನಮ್ಮನ್ನ ಆಳಿ ಹ್ವಾದ್ರೂ ಭಕ್ತಿವಂತರ ಬಿಡ್ರಿ ಪಾಪ,” ಎಂದಳು. ಕಟ್ಟೆಯ ಮೇಲೆ ಕೂತವರ ಮನಸ್ಸೆಲ್ಲ ಕರಗಿತ್ತು. ಮೂಲೆಯಲ್ಲಿ ಬುತ್ತಿ ಬಿಚ್ಚುತ್ತಿದ್ದ ಖಾತುನಬಿ ಮಾತ್ರ ಕೇಳಿದಳು:

“ಹಾಲೆಲ್ಲಾ ಅಲ್ಲೇ ಹೊಯ್ದ್ರ ಅಲ್ಲಿ ಕೂಸುಗಳು ಏನು ಕುಡಿಬೇಕು?”

“ಏನೂ ಆಗೂದಿಲ್ಲ. ರಾಣಿ ಕಡೆ ಡಬ್ಬಿ ಇರ್ತಾವ,” ಎಂದ ಅವನು, ರೊಟ್ಟಿ ಮುರಿಯುತ್ತ.

ಮರುದಿನ ಶ್ರೀಶೈಲಪ್ಪ ಮಾಸ್ತರರು ಕೋಟಿನ ಅಳತೆ ಕೊಡಲು ಬಂದರು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವರು. ಸ್ಥಾವರಕ್ಕೆ ಹಾಲೆರೆದ ಕಥೆ ಕೇಳಿ ಅವರಿಗೆ ನಗು ತಡೆಯಲಿಲ್ಲ. ಟೇಪು ಹಿಡಿದ ರಸೂಲಸಾಬನ ಕೈಯಲ್ಲೇ ಅಲುಗಾಡಿ ನಕ್ಕರು. ಆಮೇಲೆ ಪತ್ರಿಕೆ ತೆಗೆದುಕೊಂಡು ಓದಿದರು. ಓದುತ್ತ ಓದುತ್ತ ನಗು ನಿಂತಿತು.

“ಇದು ಗುಡಿ ಸ್ಥಾವರ ಅಲ್ರಿ. ಕಾರಖಾನಿ. ಅಣುಶಕ್ತಿದು ದೊಡ್ಡ ಭಟ್ಟಿ ಅನ್ರಿ. ಅದಕ್ಕ ಬೆಂಕಿ ಹತ್ತಿ ಹೊಗಿ ಹೊರಗ ಬಂದೈತಿ. ಹುಲ್ಲಿನ ಮ್ಯಾಲ ಬಿತ್ತು, ಹುಲ್ಲು ಆಕಳ ಮೇದ್ವು, ಹಾಲಿನ್ಯಾಗ ವಿಷ ಬಂತು. ಅದಕ್ಕ ಹಾಲು ಗಟಾರಕ್ಕ ಚೆಲ್ಲಾಕತ್ತಾರ.”

“ಹಾಲು ನೋಡಿದ್ರ ತಿಳಿತೈತೇನ್ರಿ?”

“ಇಲ್ಲ. ಬಣ್ಣ ಅದೇ, ರುಚಿ ಅದೇ. ಕುಡಿದ್ರ ಏನಾಗ್ತೈತಿ, ಯಾವಾಗ ಆಗ್ತೈತಿ, ಅದನ್ನೇನೂ ಬರದಿಲ್ಲ ಇಲ್ಲಿ.” ಮಾಸ್ತರರು ಪತ್ರಿಕೆ ಮಡಿಚಿ, ಮೆಲ್ಲಗೆ ಕೇಳಿದರು. “ಅಲ್ರಿ ರಸೂಲಸಾಬರ, ನಿಮ್ಮ ಕೂಸಿಗೆ ವಿಲಾಯತಿ ಹಾಲು ಅಂತಿದ್ರಲ್ಲ?”

ರಸೂಲಸಾಬ ಟೇಪನ್ನು ಕೊರಳಲ್ಲಿ ಹಾಕಿಕೊಂಡೇ ಮನೆಗೆ ಓಡಿದ. ಜೋಹರಾಬಿ ಒಳಲೆಯಲ್ಲಿ ಹಾಲು ಕುಡಿಸುತ್ತಿದ್ದಳು. ಕೂಸು ಕಣ್ಣು ಮುಚ್ಚಿ, ಎರಡೂ ಮುಷ್ಟಿ ಬಿಗಿದು, ಬಲು ನಂಬಿಕೆಯಿಂದ ಕುಡಿಯುತ್ತಿತ್ತು. ಅದನ್ನು ನೋಡಿ ಅವನು ಬಾಗಿಲಲ್ಲೇ ನಿಂತ.

ಅವನು ಹೇಳದಿದ್ದರೇನು, ಸುದ್ದಿ ಅವನ ಹಿಂದೆಯೇ ಓಣಿಗೆ ಬಂತು. ಸಂಜೆಯೊಳಗೆ ಎಮ್ಮೆ ಕಟ್ಟಿದವರೂ ಹಾಲನ್ನು ಮೂಸಿ ನೋಡತೊಡಗಿದರು. ಖಾತುನಬಿ ಡಬ್ಬಿಯನ್ನು ಗಂಡನ ಮುಂದೆ ಇಟ್ಟಳು.

“ಈ ಡಬ್ಬಿ ಬೆಂಕಿ ಹತ್ತಿದ ಊರಿಂದೇನ್ರಿ?”

“ಏನೂ ಆಗೂದಿಲ್ಲ,” ಎಂದಿತು ಅವನ ಬಾಯಿ, ರೂಢಿಯಂತೆ.

“ಅದನ್ನ ಕೇಳಿಲ್ಲ ನಾ. ಡಬ್ಬಿ ಎಲ್ಲಿದು ಅಂತ ಕೇಳಿದೆ.”

ಅವನು ಡಬ್ಬಿ ಎತ್ತಿಕೊಂಡು ದವಾಖಾನೆಗೆ ಹೋದ. ಡಾಕ್ಟರು ಒಳ್ಳೆಯ ಮನುಷ್ಯ. ಡಬ್ಬಿಯನ್ನು ತಿರುಗಿಸಿ ಮುರುಗಿಸಿ ಓದಿದರು. ಹಾಲಿನ ಪುಡಿ, ತೇವ ಹತ್ತದಂತೆ ಇಡಬೇಕು, ಇಷ್ಟೇ ಇತ್ತು. ಯಾವ ದೇಶದ್ದೆಂದು ಇರಲಿಲ್ಲ. ಬಿಜಾಪುರದಿಂದ ತಮಗೆ ಬಂತು, ಬಿಜಾಪುರಕ್ಕೆ ಮುಂಬಯಿಯಿಂದ, ಮುಂಬಯಿಗೆ ಹಡಗಿನಿಂದ.

“ಬೆಂಕಿ ಹತ್ತೂಕಿಂತ ಮೊದಲ ಹಡಗ ಹತ್ತಿದ್ದಿರಬೇಕು ರಸೂಲಸಾಬರ.”

“ಇರಬೇಕೋ, ಐತೋ, ಸಾಹೇಬರ? ಮತ್ತ ಬೆಂಕಿ ಕಾಣೂಕಿಂತ ಮೊದಲ ಹೊಗಿ ಬಂದಿರೂದಿಲ್ಲೇನ್ರಿ?”

ಇದು ಖಾತುನಬಿಯ ಪ್ರಶ್ನೆ. ದಾರಿಗೆ ಬುತ್ತಿ ಕಟ್ಟಿದ ಹಾಗೆ ಅವಳೇ ಹೇಳಿ ಕಳಿಸಿದ್ದಳು. ಡಾಕ್ಟರು ತಲೆ ಕೆರೆದುಕೊಂಡು, ನಾಳೆ ಮುದ್ದೇಬಿಹಾಳಕ್ಕೆ ಆರೋಗ್ಯ ಖಾತೆಯ ದೊಡ್ಡ ಸಾಹೇಬರು ಬರುತ್ತಾರೆ, ಅವರನ್ನೇ ಕೇಳಿರಿ ಎಂದರು.

ಮರುದಿನ ಬೆಳಗಿನ ಬಸ್ಸಿಗೆ ರಸೂಲಸಾಬ ಮುದ್ದೇಬಿಹಾಳಕ್ಕೆ ಹೊರಟ. ತಾನು ಬರುವ ತನಕ ಡಬ್ಬಿ ಮುಟ್ಟಬೇಡಿ, ಸಕ್ಕರೆ ನೀರು ಹಾಕಿ ಸುಧಾರಿಸಿಕೊಳ್ಳಿ, ಹೊತ್ತು ನೆತ್ತಿಗೆ ಬರುವುದರೊಳಗೆ ಬಂದೆ ಎಂದು ಹೇಳಿ ಹೋದ. ಸಾಹೇಬರು ಇಳಿದ ಬಂಗಲೆಯ ಮುಂದೆ ಅವನಂಥವರೇ ನೆರೆದಿದ್ದರು. ಸಿಂದಗಿ ಕಡೆಯ ಒಬ್ಬ ಮುದುಕಿ ಕೂಡ ಅಂಥದ್ದೇ ಡಬ್ಬಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ನಿಂತಿದ್ದಳು. ಸಾಹೇಬರು ಊಟ ಮುಗಿಸಿ ಹೊರಬರುವ ಹೊತ್ತಿಗೆ ನೆರಳು ಆಚೆ ಕಡೆಗೆ ಹೊರಳಿತ್ತು.

“ಎಲ್ಲಾ ಪರೀಕ್ಷಾ ಆಗಿರ್ತೈತಿ,” ಎಂದರು ಸಾಹೇಬರು.

“ಯಾರು ಮಾಡಿದ್ರು ಸಾಹೇಬರ? ಎಲ್ಲಿ ಮಾಡಿದ್ರು?”

ಸಾಹೇಬರು ಗಡಿಯಾರ ನೋಡಿದರು, ಜೀಪು ನೋಡಿದರು, ಅವನ ಭುಜ ತಟ್ಟಿದರು. “ಏನೂ ಆಗೂದಿಲ್ಲ, ಹೋಗ್ರಿ.”

ರಸೂಲಸಾಬ ಬೆರಗಾಗಿ ಅವರ ಮುಖ ನೋಡಿದ. ಅದು ಅವನದೇ ಮಾತು. ಅದೇ ದನಿ, ಅದೇ ಸಮಾಧಾನ, ಮಾತು ಮುಗಿಸುವ ಅದೇ ಗುಂಡಿ. ಈ ಮನುಷ್ಯನಿಗೆ ಏನೂ ಗೊತ್ತಿಲ್ಲ ಎಂದು ಅವನಿಗೆ ಆ ಕ್ಷಣವೇ ತಿಳಿದುಹೋಯಿತು, ಯಾಕೆಂದರೆ ಏನೂ ಗೊತ್ತಿಲ್ಲದಾಗ ತಾನೂ ಹೀಗೆಯೇ ಹೇಳುತ್ತಿದ್ದ. ತನ್ನ ಮಾತು ಕೇಳಿ ಎಷ್ಟು ಜನ ಹೀಗೆ ನಂಬಿಕೊಂಡು ಮನೆಗೆ ಹೋಗಿರಬಹುದೆಂದು ನೆನೆದು ಅವನಿಗೆ ನಾಚಿಕೆಯಾಯಿತು.

ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ಕೂತಲ್ಲಿ ಅವನ ಹಳೆಯ ಚಟ ಮತ್ತೆ ತಲೆ ಎತ್ತಿತು. ಡಬ್ಬಿ ಆಸ್ಟ್ರೇಲಿಯಾದ್ದು ಎಂದುಬಿಟ್ಟರೆ? ಸಾಹೇಬರೇ ಹೇಳಿದರು, ಅಲ್ಲಿಗೂ ಬೆಂಕಿಗೂ ಸಂಬಂಧವೇ ಇಲ್ಲ, ಎನ್ನಬಹುದು. ಚಂದದ ಮಾತು. ಮಗಳು ಅಳು ನಿಲ್ಲಿಸುತ್ತಾಳೆ, ಕೂಸು ಕುಡಿಯುತ್ತದೆ, ರಾಣಿಯ ಮಾತಿನಿಂದ ಹೋದ ಮಾನವೂ ಮರಳುತ್ತದೆ. ಬಸ್ಸು ಹೊರಡುವಷ್ಟರಲ್ಲಿ ಆಸ್ಟ್ರೇಲಿಯಾದ ದನ, ಅಲ್ಲಿಯ ಹುಲ್ಲು, ಎಲ್ಲವೂ ಅವನ ತಲೆಯಲ್ಲಿ ತಯಾರಾಗಿದ್ದವು.

ದೀಪ ಹಚ್ಚುವ ಹೊತ್ತಿಗೆ ಮನೆ ಮುಟ್ಟಿದ. ಕೂಸಿನ ಅಳು ಓಣಿಯ ತುದಿಗೇ ಕೇಳುತ್ತಿತ್ತು. ಅತ್ತೂ ಅತ್ತೂ ದನಿ ಬಿದ್ದಿತ್ತು. ಜೋಹರಾಬಿ ಬಿಸಿನೀರು ಕಾಯಿಸಿಟ್ಟುಕೊಂಡು, ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

“ಬಾಬಾ, ಕುಡಸಲೇನು?”

ಖಾತುನಬಿ ಏನೂ ಕೇಳಲಿಲ್ಲ. ಸುಮ್ಮನೆ ಅವನ ಮುಖ ನೋಡಿದಳು. ಆಸ್ಟ್ರೇಲಿಯಾ ಅವನ ನಾಲಗೆಯ ತುದಿಯಲ್ಲಿತ್ತು. ಕೂಸು ಬಿಗಿದ ಮುಷ್ಟಿ ಬಿಚ್ಚಿ ಗಾಳಿಯಲ್ಲಿ ಏನನ್ನೋ ತಡಕಿತು. ರಸೂಲಸಾಬ ಹೊಸ್ತಿಲ ಮೇಲೆಯೇ ಕೂತ.

“ಗೊತ್ತಿಲ್ಲ,” ಎಂದ.

ಒಮ್ಮೆ ಹೊರಟ ಮೇಲೆ ಮಾತು ನಿಲ್ಲಲಿಲ್ಲ. “ನನಗ ಗೊತ್ತಿಲ್ಲ. ಡಾಕ್ಟರಗೂ ಗೊತ್ತಿಲ್ಲ. ಸಾಹೇಬಗೂ ಗೊತ್ತಿಲ್ಲ, ಆದ್ರ ಅಂವ ಗೊತ್ತೈತಿ ಅಂತ ಹೇಳಿ ಕಳಿಸಿದ. ಛಲೋ ಇದ್ರೂ ಇರಬಹುದು ಖಾತೂ, ಇಲ್ದಿದ್ರೂ ಇರಬಹುದು. ರಾಣಿ ಮಕ್ಕಳ ಮಾತು ನಾನ ಹುಟ್ಟಿಸಿದ್ದು.”

ಖಾತುನಬಿ ಎದ್ದಳು. ಕೂಸನ್ನು ಎದೆಗೆ ಹಾಕಿಕೊಂಡು, ಸೆರಗು ಹೊದ್ದು, ಅವನ ಪಕ್ಕದಲ್ಲೇ ಹೊಸ್ತಿಲು ದಾಟಿದಳು. ದಾಟುವಾಗ ಒಂದು ಕೈ ಅವನ ತಲೆಯ ಮೇಲೆ ಇಟ್ಟಳು. “ಇಷ್ಟ ಬೇಕಾಗಿತ್ತು ನನಗ,” ಎಂದಳು. “ಡಬ್ಬಿ ಛಲೋ ಅಂದಿದ್ರ ಅದನ್ನ ಕುಡಸಬೇಕಾಗಿತ್ತು. ನಿಮ್ಮ ಮಾತು ಮೀರಿ ನಾ ಎಂದಾದ್ರೂ ಹೋಗೇನೇನು?”

ಎದುರು ಮನೆಯ ಬಾಗಿಲು ತೆರೆದೇ ಇತ್ತು. “ಬರ್ರಿ ವೈನಿ,” ಎಂಬ ಸಿದ್ದಲಿಂಗವ್ವನ ದನಿ ಕೇಳಿತು. “ಮುಂಜಾನಿಂದ ಹಾದಿ ಕಾಯಾಕತ್ತೇನಿ. ಕರೀಲಾರದ ಬರಬಾರದು ಅಂತ ಕುಂತಿದ್ದೆ. ಸುಮಿತ್ರಾ, ತಗೋ ಇಕಿನ್ನ.”

ರಸೂಲಸಾಬ ಹೊಸ್ತಿಲ ಮೇಲೆ ಕಿವಿಯಾಗಿ ಕೂತಿದ್ದ. ಅಳು ಇನ್ನೂ ಒಮ್ಮೆ ಏರಿತು, ತಡೆಯಿತು, ಮತ್ತೆ ಒಂದು ಬಿಕ್ಕು. ಆಮೇಲೆ ಓಣಿಯೆಲ್ಲ ಸುಮ್ಮನಾಯಿತು. ಅಷ್ಟು ಹೊತ್ತು ತಡೆದ ಕಣ್ಣೀರು ಆಗ ಇಳಿಯಿತು. ಜೋಹರಾಬಿ ಅಪ್ಪನ ಪಕ್ಕಕ್ಕೆ ಬಂದು ಕೂತಳು.

ಸ್ವಲ್ಪ ಹೊತ್ತಿಗೆ ಸಿದ್ದಲಿಂಗವ್ವ ಬಾಗಿಲಿಗೆ ಬಂದು ನಿಂತಳು. “ರಸೂಲಣ್ಣಾ, ಇದು ರಾಣಿ ಹಾಲಲ್ಲ ನೋಡ್ರಿ. ಜೋಳದ ರೊಟ್ಟಿ, ಬ್ಯಾಳಿ ತಿಂದ ಹಾಲು. ನಡಿತೈತೇನು?”

“ನಡಿತೈತಿ ಅಕ್ಕಾ,” ಎಂದ ಅವನು, ಮೂಗು ಒರೆಸಿಕೊಳ್ಳುತ್ತ.

“ನಮ್ಮ ಧರ್ಮದಾಗ ಒಂದ ಎದಿ ಹಾಲು ಕುಡಿದವ್ರು ಅಣ್ಣ ತಂಗಿ,” ಎಂದಳು ಒಳಗಿನಿಂದ ಖಾತುನಬಿ. “ಇನ್ನ ಇಕಿಗೆ ಬಾಗೇವಾಡ್ಯಾಗ ಒಬ್ಬ ಅಣ್ಣ ಆದ.”

ಮರುದಿನ ಡಬ್ಬಿಯನ್ನು ದವಾಖಾನೆಗೆ ಮರಳಿ ಕೊಡಲು ರಸೂಲಸಾಬ ಹೊರಟಾಗ ಅವಳು ತಡೆದಳು. ಕೊಟ್ಟರೆ ಇನ್ನೊಂದು ಕೂಸಿನ ಬಾಯಿಗೆ ಹೋಗುತ್ತದೆ ಎಂದಳು. ಚೆಲ್ಲೋಣವೆಂದರೆ ಹಾಲು, ಕೈ ಬರಲಿಲ್ಲ. ಅದು ಅಂಗಡಿಯ ಮೇಲಿನ ಹಲಗೆ ಸೇರಿತು. ಮುಂದೆ ಪತ್ರಿಕೆಯಲ್ಲಿ ಆ ಬೆಂಕಿಯ ಮಾತು ಕಡಿಮೆಯಾಗುತ್ತ ಬಂದು ಒಂದು ದಿನ ಬರುವುದೇ ನಿಂತಿತು. ಡಬ್ಬಿ ಕಂಡವರು ಕೇಳುತ್ತಿದ್ದರು. ಅದು ಛಲೋ ಇತ್ತೋ ಕೆಟ್ಟದ್ದಿತ್ತೋ? ‘ಗೊತ್ತಿಲ್ಲ’ ಎನ್ನುತ್ತಿದ್ದ ರಸೂಲಸಾಬ. ಅವನಿಗೆ ಮೈಯಲ್ಲಿ ಹುಷಾರಿಲ್ಲವೇನೋ ಎಂದು ಗಿರಾಕಿಗಳು ಮೊದಮೊದಲು ಗಾಬರಿಯಾದರು.

ಒಂದು ಮಧ್ಯಾಹ್ನ ಖಾತುನಬಿ ಬುತ್ತಿ ತಂದಳು. ಕೂಸು ಎದುರು ಮನೆಯಲ್ಲಿ ಅಣ್ಣನ ಪಕ್ಕದಲ್ಲಿ ಮಲಗಿತ್ತು. ಬುತ್ತಿಯ ಗಂಟು ಬಿಚ್ಚುತ್ತಿದ್ದವಳು ಹಲಗೆಯ ಮೇಲಿನ ಡಬ್ಬಿ ನೋಡಿ ತಡೆದಳು.

“ರೀ, ಅಲ್ಲಿ ಹಾಲೆಲ್ಲಾ ಚೆಲ್ಲಿದ್ರಲ್ಲ. ಅಲ್ಲೂ ತಾಯಿ ಹಾಲು ಬತ್ತಿದ ಕೂಸುಗಳು ಇರ್ತಾವಲ್ಲ. ಅವಕ್ಕ ಎದುರು ಮನಿ ಇತ್ತೇನ್ರಿ?”

ರಸೂಲಸಾಬ ಮಶೀನು ನಿಲ್ಲಿಸಿದ.

“ಗೊತ್ತಿಲ್ಲ ಖಾತೂ,” ಎಂದ.

ಅವಳು ರೊಟ್ಟಿ ಮುರಿದು ಅವನ ಕೈಗೆ ಕೊಟ್ಟಳು.