ತಲೆಕೆಳಗಾದ ಆರು ಗೆರೆ

ಓಂ ಬೀಚಿನ ಗೆಸ್ಟ್ ಹೌಸಿನಲ್ಲಿ ಕೆಲಸಕ್ಕಿದ್ದ ಭಾಸ್ಕರನಿಗೆ ಚೀನಾದ ಮುದುಕಿಯೊಬ್ಬಳು ಮೂರು ತೂತುನಾಣ್ಯ, ಒಂದು ಇಂಗ್ಲಿಷ್ ಪುಸ್ತಕ ಕೊಟ್ಟು ಹೋಗಿದ್ದಳು. ಪ್ರಶ್ನೆ ನೆನೆದು ನಾಣ್ಯಗಳನ್ನು ಆರು ಸಲ ಚೆಲ್ಲಬೇಕು; ಅವು ಬಿದ್ದಂತೆ ಸಲಕ್ಕೊಂದು ಇಡೀ ಗೆರೆಯನ್ನೋ ತುಂಡುಗೆರೆಯನ್ನೋ ಎಳೆಯಬೇಕು. ಆ ಆರು ಗೆರೆಗಳ ಅರ್ಥ ಪುಸ್ತಕದಲ್ಲಿರುತ್ತದೆ. ಹಿತ್ತಲ ಗಿಡ ಮದ್ದಲ್ಲವಲ್ಲ, ಅವನು ರಜೆಗೆ ಮುರ್ಡೇಶ್ವರಕ್ಕೆ ಬಂದಾಗಲೆಲ್ಲ ಕೇರಿಯವರು ಜಗಲಿಗೆ ಮುತ್ತುತ್ತಿದ್ದರು. ಅವನಿಗೂ ಜಂಬ ತಲೆಗೇರಿತ್ತು.

ಪಕ್ಕದ ಮನೆಯ ದುರ್ಗಮ್ಮನೂ ಬಂದಳು. ಮಗ ಹರೀಶ ಆಳಸಮುದ್ರದ ಬೋಟಿಗೆ ಹೋಗಬಹುದೋ ಬೇಡವೋ ಎಂದು ಕೇಳಿದಳು. ಭಾಸ್ಕರ ನಾವು ಬರೆಯುವ ಹಾಗೆ ಮೇಲಿನಿಂದ ಕೆಳಕ್ಕೆ ಗೆರೆ ಎಳೆದು ಪುಟ ತೆಗೆದ. ದೊಡ್ಡ ನೀರು ದಾಟುವುದು ಶುಭ ಎಂದಿತ್ತು.

ಪುಸ್ತಕದ ಮುನ್ನುಡಿಯನ್ನು ಅವನು ಮೊದಲ ಸಲ ಓದಿದ್ದು ಅವತ್ತು ಸಂಜೆ. ಗೆರೆಗಳನ್ನು ಕೆಳಗಿನಿಂದ ಮೇಲಕ್ಕೆ ಎಳೆಯಬೇಕಿತ್ತು. ಹಾಗೆ ಎಳೆದರೆ ದುರ್ಗಮ್ಮನಿಗೆ ಸಿಗುವ ಪುಟವೇ ಬೇರೆ: ದೊಡ್ಡ ನೀರು ದಾಟುವುದು ಒಳ್ಳೆಯದಲ್ಲ. ಬೋಟು ಹೊರಡುವುದು ಮರುದಿನವಾಗಿತ್ತು, ಅವಳ ಮನೆ ಹತ್ತು ಹೆಜ್ಜೆ. ಹೇಳಿದರೆ ಕೇರಿಯೆಲ್ಲ ನಗುತ್ತದೆಂದು ಮಹಾಶಯ ಕೂತಲ್ಲಿಂದ ಏಳಲಿಲ್ಲ.

ಹದಿನೈದನೆಯ ದಿನ ಬಲೆ ಎಳೆಯುವ ಯಂತ್ರದ ಹಗ್ಗಕ್ಕೆ ಸಿಕ್ಕಿ ಹರೀಶನ ಬಲಗೈ ಮಣಿಕಟ್ಟಿನವರೆಗೆ ಹೋಯಿತು. ಆಮೇಲೆ ಅನ್ನ ಕಲಸುವಾಗಲೆಲ್ಲ ಭಾಸ್ಕರನಿಗೆ ತನ್ನ ಕೈ ಕಂಡು ತುತ್ತು ಇಳಿಯುತ್ತಿರಲಿಲ್ಲ. ತಿಂಗಳು ಕಳೆದ ಮೇಲೆ ಮತ್ತೆ ರಜೆಗೆ ಬಂದವನು, ಅಂಗಳದಲ್ಲಿ ಮೀನು ಹಸನು ಮಾಡುತ್ತಿದ್ದ ದುರ್ಗಮ್ಮನ ಮುಂದೆ ಹೋಗಿ ನಿಂತ.

"ದುರ್ಗಕ್ಕ, ಅವತ್ತು ನಾನು ತಲೆಕೆಳಗೆ ಓದಿದ್ದೆ. ಬೇಡ ಅಂತ ಬಂದಿತ್ತು. ಸಂಜೆಗೇ ಗೊತ್ತಾತು, ಹೇಳ್ಲಿಲ್ಲ."

ಅವಳು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಗುಡೀಲಿ ಅಮ್ಮನವರೂ ಬೇಡ ಅಂದಿದ್ರು. ಪ್ರಸಾದ ಕೇಳಿದ್ದೆ, ಮೂರ್ತಿ ಮೇಲಿನ ಹೂವು ಎಡಕ್ಕೆ ಬಿತ್ತು. ಅವಂಗೆ ಹೋಗೂ ಮನಸ್ಸೇ ಇರ್ಲಿಲ್ಲ, ನಾನೇ ದೂಡಿದ್ದು. ಹೌದು ಅನ್ನೂಕೆ ಯಾರಾದ್ರೂ ಬೇಕಾಗಿತ್ತು, ನಿನ್ನ ಹತ್ರ ಬಂದೆ. ಅವಂಗೆ ಹೇಳ್ಬೇಡ."

ಒಳಗಿನಿಂದ ಹರೀಶ ಕೂಗಿದ. "ಭಾಸ್ಕರಣ್ಣ ಅಲ್ವಾ? ಬಾ. ಇನ್ನು ಎಂತ ಕೆಲಸ ಹಿಡಿಯೂದು ಅಂತ ಒಂದ್ಸಲ ನೋಡ್ಬೇಕು. ಒಂದೇ ಕೈಲಿ ಚೆಲ್ಲಿದ್ರೂ ನಡೀತದಾ?"

ದುರ್ಗಮ್ಮ ತಲೆಯೆತ್ತಲಿಲ್ಲ. "ಎಂತಾದ್ರೂ ಒಳ್ಳೇದು ಹೇಳು," ಎಂದು ಪಿಸುಗುಟ್ಟಿದಳು.

ಭಾಸ್ಕರ ಹೊಸ್ತಿಲವರೆಗೆ ಹೋಗಿ ಅಲ್ಲೇ ಕೂತ.

"ನಂಗೆ ಅದನ್ನ ಓದೂಕೆ ಬರೂದಿಲ್ಲ ಹರೀಶಾ," ಎಂದ. "ಅವತ್ತೂ ಬರ್ತಿರ್ಲಿಲ್ಲ."