ಹಗೆ ಕೇಳಲು ಹೋದದ್ದು

ರಾಜಾನುಕುಂಟೆಯ ಆಸುಪಾಸಿನಲ್ಲಿ ಈ ಕಥೆ ಹೇಳುವವರು ಮೊದಲು ಒಂದು ಪದವನ್ನು ಬಿಡಿಸಿಟ್ಟುಕೊಳ್ಳುತ್ತಾರೆ. ರಾಗಿಯನ್ನು ನೆಲದೊಳಗೆ ತುಂಬಿಡುವ ಕುಳಿಗೆ ಆ ಕಡೆ ಹಗೇವು ಎಂದು ಹೆಸರು, ಅವಸರದಲ್ಲಿ ಹಗೆ. ಇಬ್ಬರ ನಡುವೆ ಬೆಳೆಯುವ ವೈರಕ್ಕೂ ಹಗೆಯೆಂದೇ ಹೆಸರು. ಹಳಬರ ನಾಲಿಗೆಯಲ್ಲಿ ಹಕಾರ ನಿಲ್ಲದ ಕಾರಣ ಎರಡೂ ಅಗೆಯಾಗುತ್ತವೆ. ಯಾವುದು ಯಾವುದೆಂದು ಆಡಿದವರ ಮುಖ ನೋಡಿ ತಿಳಿಯಬೇಕು. ಫೋನಿನಲ್ಲಿ ಮುಖ ಕಾಣುವುದಿಲ್ಲ.

ಎರಡು ಸಾವಿರದ ಹದಿನಾರರ ಬೇಸಿಗೆ. ಅಟ್ಟೂರಿನಲ್ಲಿ ಅಪಾರ್ಟ್‌ಮೆಂಟ್ ಕಟ್ಟಿಸಿ ಮಾರುವ ಬಾಲರಾಜುವಿನ ಮನೆಯ ಕೆಳಗಿನ ಕೋಣೆಯಲ್ಲಿ ಇನ್ನೂರಕ್ಕೂ ಮಿಕ್ಕಿ ವೈನ್ ಬಾಟಲಿಗಳು ಮಲಗಿದ್ದವು. ಪರವಾನಗಿ ಮಾಡಿಸಿ, ಒಂದೊಂದಾಗಿ ತಂದು, ಬಿರಡೆ ಒಣಗದಂತೆ ಅಡ್ಡ ಮಲಗಿಸಿ, ಎಂಟು ವರ್ಷ ಕೂಡಿಸಿದ್ದ. ಕುಡಿದದ್ದು ಕಡಿಮೆ. ದ್ರಾಕ್ಷಿ ಚಪ್ಪರದ ಕೆಳಗೆ, ಎಲೆಗೆ ಹೊಡೆದ ಮೈಲುತುತ್ತದ ವಾಸನೆಯಲ್ಲಿ ಬೆಳೆದವನು ಅವನು. ಆ ತೋಟ ಲೇಔಟ್ ಆದ ಮೇಲೆ ಊರೂರಿನ ದ್ರಾಕ್ಷಿಯನ್ನು ಸೀಸೆಯಲ್ಲಿ ತಂದಿಡತೊಡಗಿದ. ಒಳ್ಳೆಯ ವೈನ್ ಕಾದಷ್ಟೂ ಹಣ್ಣಾಗುತ್ತದೆ ಎಂದು ಓದಿದ್ದ. ಕಾಯುವುದು ಅವನಿಗೆ ಹಿಡಿಸಿತ್ತು.

ಆ ಕೋಣೆಗೆ ಹಗಲಿರುಳೂ ಏಸಿ. ತಾಯಿ ಲಕ್ಷ್ಮಿದೇವಮ್ಮನವರಿಗೆ ಸೀಸೆಗಳ ಮೇಲೆ ಸಿಟ್ಟಿರಲಿಲ್ಲ, ಏಸಿಯ ಮೇಲಿತ್ತು. "ಮನುಸರಿಗೆ ಫ್ಯಾನು, ಸೀಸೆಗೆ ಏಸಿ. ಮುಂದಿನ ಜಲ್ಮ ಅಂತಿದ್ರೆ ನಾನೂ ಸೀಸೆಯಾಗೇ ಉಟ್ತೀನಿ ಬಿಡಪ್ಪ," ಎನ್ನುತ್ತಿದ್ದರು.

ಮಾರ್ಚ್ ತಿಂಗಳಲ್ಲಿ ಮನೆಯವರೆಲ್ಲ ಒಂದು ಮದುವೆಗೆ ಹೋಗಿದ್ದಾಗ ಕರೆಂಟು ಹೋಯಿತು. ಮರಳಿ ಬಂದು ಬಾಗಿಲು ತೆಗೆದರೆ ಕೋಣೆ ಬೆಲ್ಲದ ಆಲೆಮನೆಯಂತೆ ಕುದಿಯುತ್ತಿತ್ತು. ಮೂರು ಬಾಟಲಿಗಳ ಬಿರಡೆ ಮೇಲೆದ್ದು, ಕೆಂಪು ರಸ ನೆಲಕ್ಕಿಳಿದು ಬಾಗಿಲವರೆಗೂ ಹರಿದಿತ್ತು. ಮುಂದೆ ಇನ್ನೂ ಏಪ್ರಿಲ್ ಇತ್ತು. ಇಂಥದೇ ಇನ್ನೊಂದು ದಿನ ಬಂದರೆ ಎಂಟು ವರ್ಷ ಕಾದದ್ದೆಲ್ಲ ಸಾರಿಗೆ ಬಿಡುವ ಹುಳಿಯಾಗುತ್ತದೆಂದು ಬಾಲರಾಜುವಿಗೆ ಗೊತ್ತಿತ್ತು.

"ಆಚೆ ಎಲ್ಲಾದ್ರೂ ಇಡ್ರೀ," ಎಂದಳು ಹೆಂಡತಿ ಚೈತ್ರ, ನೆಲ ಒರೆಸುತ್ತ. "ಮನೇಲಿ ಜಾಗ ಇಲ್ದೋರು ಕಾರನ್ನ ಪಕ್ಕದ ರಸ್ತೇಲಿ ನಿಲ್ಸಲ್ವಾ, ಹಂಗೆ."

ಅವನು ಮೊದಲು ಹೋದದ್ದು ಯಶವಂತಪುರಕ್ಕೆ, ಮಾರುಕಟ್ಟೆಯ ಹತ್ತಿರದ ಒಂದು ಶೀತಲಗೃಹಕ್ಕೆ. ಅಲ್ಲಿನ ಮೇಲ್ವಿಚಾರಕ ಸುಬ್ರಮಣಿ ದಪ್ಪ ಬಾಗಿಲೆಳೆದು ಒಳಗೆ ಕರೆದೊಯ್ದ. ಚಳಿ ಚೆನ್ನಾಗಿತ್ತು, ಕತ್ತಲೂ ಚೆನ್ನಾಗಿತ್ತು. ಸೂರಿನವರೆಗೆ ಹುಣಸೆಹಣ್ಣಿನ ಚೀಲ, ಎದುರಿಗೆ ಒಣಮೆಣಸಿನಕಾಯಿ.

"ಹುಣಸೆಹಣ್ಣು ಎರಡ್ ವರ್ಷ ಕಪ್ಪಾಗ್ದಂಗೆ ಇಡ್ತೀವಿ ಸಾರ್. ನಿಮ್ ವೈನ್ ಅದಕ್ಕಿಂತ ನಾಜೂಕಾ?"

"ವೈನ್ ಬಿರಡೆಯಿಂದ ಉಸಿರಾಡುತ್ತೆ ಕಣ್ರೀ."

"ಉಸಿರಾಡ್ಲಿ ಬಿಡಿ ಸಾರ್. ನಾನೂ ಹದಿನೈದು ವರ್ಷದಿಂದ ಇಲ್ಲೇ ಉಸಿರಾಡ್ತಿದೀನಿ," ಎಂದು ಸುಬ್ರಮಣಿ ಸೀನಿದ.

ಹೊರಗೆ ಬಂದು ಕಾರಿನಲ್ಲಿ ಕುಳಿತಾಗ ಬಾಲರಾಜುವಿನ ಅಂಗಿ ಘಾಟು ಹೊಡೆಯುತ್ತಿತ್ತು. ಅಷ್ಟು ಹೊತ್ತಿಗೇ ಅಂಗಿಗೆ ಹೀಗಾದರೆ ಬಾಟಲಿಗೆ ಏನಾದೀತೆಂದು ಆ ಜಾಗ ಬಿಟ್ಟ.

ಎರಡನೆಯದು ಹೆಬ್ಬಾಳದಲ್ಲಿ. ಗಾಜಿನ ಕಟ್ಟಡದ ನೆಲಮಾಳಿಗೆಯಲ್ಲಿ, ವೈನ್ ಇಡಲೆಂದೇ ಹೊಸದಾಗಿ ತೆರೆದ ಲಾಕರುಗಳು. ಅದನ್ನು ನೋಡಿಕೊಳ್ಳುವ ವಾಸು ಎಂಬ ಯುವಕ ಕೋಟು ತೊಟ್ಟು, ಬೆರಳೊತ್ತಿ ಬಾಗಿಲು ತೆಗೆದು, ಉಷ್ಣತೆ, ತೇವ, ಬೆಳಕು, ಸೀಸೆ ಅದುರಬಾರದೆಂಬುದು, ಎಲ್ಲವನ್ನೂ ಕಂಠಪಾಠ ಒಪ್ಪಿಸಿದ. ಎಲ್ಲವೂ ಪುಸ್ತಕದಲ್ಲಿದ್ದಂತೆಯೇ ಇತ್ತು. ಬಾಲರಾಜು ಲಾಕರು ನೋಡುವ ಬದಲು ಗೋಡೆಯ ಬುಡದಲ್ಲಿ ಕುಕ್ಕರುಗಾಲಲ್ಲಿ ಕುಳಿತು, ಹೊಸ ಬಣ್ಣದ ಮೇಲೆ ಅಂಗೈ ಒತ್ತಿದ.

"ನೀರು ಎಲ್ಲೀವರೆಗೂ ಬಂದಿತ್ತು?"

"ನೀರಾ? ಇಲ್ಲ ಸಾರ್, ಇದು ಫ್ರೆಶ್ ಪೇಂಟ್."

"ಈ ಪೇಂಟು ನಾನೂ ಎಷ್ಟೋ ಮನೆಗೆ ಹೊಡ್ಸಿದೀನಿ ಗುರು. ಯಾಕ್ ಹೊಡಿತಾರೆ ಅಂತ ನಂಗೊತ್ತು."

ವಾಸು ಕೋಟಿನ ಗುಂಡಿ ನೋಡಿಕೊಂಡ. "ಹೋದ ಮಳೆಗಾಲ, ಮೊಣಕಾಲವರೆಗೆ ಸಾರ್," ಎಂದ.

ಆ ದಿನ ಊಟಕ್ಕೆ ಕುಳಿತಾಗ ಬಾಲರಾಜು ಎರಡು ಕಡೆಯ ಸಮಾಚಾರವನ್ನೂ ಹೇಳಿದ. ತಂದೆ ಚಿಕ್ಕಬೈರಪ್ಪನವರು ಮುದ್ದೆ ಮುರಿಯುತ್ತ, ತಲೆಯೆತ್ತದೆ, "ಅಗೇವು ಐತಲ್ಲ," ಎಂದರು. ಎಂದವರು, ಆಡಬಾರದ್ದನ್ನು ಆಡಿದವರಂತೆ ಅರ್ಧ ಮುದ್ದೆ ಬಿಟ್ಟು ಕೈ ತೊಳೆಯಲು ಎದ್ದರು.

ಬಾಲರಾಜುವಿಗೆ ನೆನಪಾಯಿತು. ರಾಜಾನುಕುಂಟೆಯ ಹಳೆಯ ಮನೆಯ ಮುಂದೆ, ಚಪ್ಪಡಿಕಲ್ಲಿನ ಕೆಳಗೆ ಆ ಹಗೇವು. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ನೆಲದೊಳಗೆ ಹೂತ ಒಂದು ದೊಡ್ಡ ಸೀಸೆಯೇ ಸರಿ. ಚಿಕ್ಕಂದಿನಲ್ಲಿ ಅವನನ್ನು ಹಗ್ಗ ಕಟ್ಟಿ ರಾಗಿ ತುಂಬಲು ಇಳಿಸುತ್ತಿದ್ದರು. ಮೇಲೆ ಕೆಂಡದಂಥ ಬಿಸಿಲಿದ್ದರೂ ಕೆಳಗೆ ಅಂಗಾಲು ತಣ್ಣಗಾಗುತ್ತಿತ್ತು. ಲಾರಿಯ ಅದುರಾಟವಿಲ್ಲ, ಬೆಳಕಿಲ್ಲ, ಕರೆಂಟಿನ ಹಂಗಿಲ್ಲ. ವಾಸು ಒಪ್ಪಿಸಿದ ಪಾಠವೆಲ್ಲ ಆ ಕುಳಿಯಲ್ಲಿ ಮೊದಲೇ ಇತ್ತು.

ಇಲ್ಲದಿದ್ದದ್ದು ಕೇಳುವ ಬಾಯಿ. ತೋಟ ಮಾರಿ ಅಣ್ಣತಮ್ಮಂದಿರು ಪಾಲಾದಾಗ ಹಳೆಯ ಮನೆ ದೊಡ್ಡಪ್ಪ ಸೊಣ್ಣಪ್ಪನವರಿಗೆ ಬಂತು. ಹಗೇವಿನಲ್ಲಿ ರಾಗಿ ತುಂಬಿತ್ತು. ಬೇಕಾದಾಗ ಇಬ್ಬರೂ ಸೇರಿ ತೆಗೆದು ಹಂಚಿಕೊಳ್ಳುವುದೆಂದು ಮಾತಾಯಿತು. ಮರುವರ್ಷ ಸಂಕ್ರಾಂತಿಗೆ ಹೋದ ಚಿಕ್ಕಬೈರಪ್ಪನವರು ಚಪ್ಪಡಿಯ ಸುತ್ತ ಹೊಸ ಮಣ್ಣು ಕಂಡರು. ಅಣ್ಣ ರಾಗಿ ತೆಗೆದುಕೊಂಡಿದ್ದಾನೆಂದು ಮನಸ್ಸಿನಲ್ಲೇ ತೀರ್ಪು ಕೊಟ್ಟು, ಎಳ್ಳು ಬೆಲ್ಲ ಮುಟ್ಟದೆ ಹಿಂದಿರುಗಿದರು. ಆ ಮಾತು ಯಾರದೋ ಬಾಯಿಂದ ಸೊಣ್ಣಪ್ಪನವರ ಕಿವಿಗೆ ಬಿತ್ತು. "ಬಂದು ಕಲ್ಲು ಎತ್ತಿ ನೋಡ್ಲಿ," ಎಂದರು ಅವರು. ಇವರು ಹೋಗಲಿಲ್ಲ. ಆ ಕಲ್ಲಿನ ಒಂದು ಅಂಚು ಹಿರಿಯನ ಕೈಯಲ್ಲಿ, ಇನ್ನೊಂದು ಕಿರಿಯನ ಕೈಯಲ್ಲಿ ಏಳಬೇಕೆಂಬುದು ಆ ಮನೆತನದ ಕಟ್ಟು. ಹೀಗೆ ಹತ್ತು ವರ್ಷ ಕಲ್ಲು ಕೂತಲ್ಲೇ ಕೂತಿತು, ಮಾತೂ ಹಾಗೆಯೇ.

ಬಾಲರಾಜು ಫೋನು ಮಾಡಿದ. ಎತ್ತಿದವರು ದೊಡ್ಡಮ್ಮ ಅಕ್ಕಯ್ಯಮ್ಮ. ಪೇಟೆಯ ಶಾಲೆಯಲ್ಲಿ ಓದಿದ ಬಾಲರಾಜುವಿನ ನಾಲಿಗೆ ಹಕಾರವನ್ನು ತಿದ್ದಿಕೊಂಡಿತ್ತು. ಹಗೇವಿನ ಬಾಲವನ್ನು ಎಲ್ಲೋ ಕಳೆದುಕೊಂಡಿತ್ತು.

"ದೊಡ್ಡಮ್ಮ, ನಾನು ಬಾಲು. ಚೆನ್ನಾಗಿದೀರಾ? ಒಂದ್ ವಿಷಯಕ್ಕೆ ಮಾಡ್ದೆ. ನಮಗೆ ಹಗೆ ಬೇಕಾಗಿತ್ತು."

ಆ ಕಡೆ ಕೋಳಿ ಓಡಿಸುತ್ತಿದ್ದ ಸದ್ದು ನಿಂತಿತು.

"ಇರೋದು ಸಾಲ್ದೇನಪ್ಪ?" ಎಂದು ಕೇಳಿ ಅಕ್ಕಯ್ಯಮ್ಮ ಫೋನಿಟ್ಟರು.

ಬಾಲರಾಜು ಮಾರನೆಯ ದಿನವೇ ಕಾರು ತೆಗೆದುಕೊಂಡು ಹೋದ. ಜಗಲಿಯ ಮೇಲೆ ಕುಳಿತಿದ್ದ ಸೊಣ್ಣಪ್ಪನವರು ಎದ್ದೇಳಲಿಲ್ಲ. ಅಕ್ಕಯ್ಯಮ್ಮ ಮಾತ್ರ ಒಂದು ಲೋಟ ಮಜ್ಜಿಗೆ ತಂದಿಟ್ಟರು. ತಾನು ಕೇಳಿದ್ದು ರಾಗಿಯ ಹಗೇವು, ಅದೂ ಸೀಸೆ ಇಡುವುದಕ್ಕೆಂದು ಅವನು ಬಿಡಿಸಿ ಹೇಳಿದ ಮೇಲೆ ಮುದುಕರು ಮೀಸೆಯೊಳಗೆ ನಕ್ಕರು.

"ಅಗೇವು ಅನ್ನಾಕೆ ಬರ್ದಂಗೆ ಬೆಳ್ಸವ್ನಲ್ಲೋ ನಿಮ್ಮಪ್ಪ."

"ಕೊಡ್ತೀರಾ ದೊಡ್ಡಪ್ಪ?"

"ನಂದೇನೈತೆ. ಅರ್ಧ ಅವಂದು. ಬಂದು ಕಲ್ಲಿಗೆ ಕೈ ಆಕ್ಲಿ."

ಅಟ್ಟೂರಿಗೆ ಬಂದು ಹೇಳಿದಾಗ ಚಿಕ್ಕಬೈರಪ್ಪನವರು "ನಾ ಬರಾಕಿಲ್ಲ," ಎಂದರು. ಎರಡು ದಿನ ಅದನ್ನೇ ಎಂದರು. ಮೂರನೆಯ ದಿನ ತಾವಾಗಿ ಕೇಳಿದರು. "ಖಾಲಿ ಇದ್ರೆ ಏನ್ ಮಾಡ್ತೀಯ?"

"ಖಾಲಿ ಇದ್ರೆ ಬಾಟ್ಲಿ ಇಡ್ತೀನಪ್ಪ."

"ತುಂಬಿದ್ರೆ?"

ಅಲ್ಲಿಯವರೆಗೆ ಅದು ಬಾಲರಾಜುವಿಗೆ ಹೊಳೆದಿರಲಿಲ್ಲ. ಕುಳಿ ಖಾಲಿಯಿದ್ದರೆ ಸೀಸೆಗಳು ಬದುಕುತ್ತವೆ, ದೊಡ್ಡಪ್ಪ ಕಳ್ಳರಾಗುತ್ತಾರೆ. ತುಂಬಿದ್ದರೆ ದೊಡ್ಡಪ್ಪ ಉಳಿಯುತ್ತಾರೆ, ಸೀಸೆಗಳಿಗೆ ನೆಲೆಯಿಲ್ಲ. ತಾನು ಯಾವುದನ್ನು ಹಾರೈಸುತ್ತಿದ್ದೇನೆಂದು ಕೇಳಿಕೊಳ್ಳಲು ಅವನಿಗೆ ಮನಸ್ಸಾಗಲಿಲ್ಲ.

ಭಾನುವಾರ ತಂದೆಮಗ ಇಬ್ಬರೂ ಹೋದರು. ಅಣ್ಣತಮ್ಮಂದಿರು ಚಪ್ಪಡಿಯ ಎರಡು ಬದಿಗೆ ನಿಂತರು. ಇಬ್ಬರ ಮಾತೂ ಅಕ್ಕಯ್ಯಮ್ಮನ ಮೂಲಕ.

"ಚಪ್ಪಲಿ ಬಿಡಾಕೇಳು ಅವಂಗೆ," ಎಂದರು ಸೊಣ್ಣಪ್ಪನವರು.

"ಬಿಟ್ಟಿವ್ನಿ ಅಂತೇಳು ಅತ್ತಿಗೆ."

"ಸೊಂಟ ನೋವಿದ್ರೆ ಬ್ಯಾಡ ಅನ್ನು."

"ಸೊಂಟ ಅವರ್ದು ನೋಡ್ಕೊಳ್ಳಾಕೇಳು."

"ಇಬ್ರೂ ಎತ್ರಪ್ಪ ಸಾಕು," ಎಂದರು ಅಕ್ಕಯ್ಯಮ್ಮ. "ಏಳಿ ಏಳಿ ನನ್ ಬಾಯಿ ಒಣಗೋಯ್ತು."

ಬಾಲರಾಜು ಹಾರೆಯಿಂದ ಮೀಟಿದ. ಮುದುಕರಿಬ್ಬರೂ ಏದುತ್ತ ಕಲ್ಲನ್ನು ಪಕ್ಕಕ್ಕೆ ಸರಿಸಿದರು. ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ಕಟ್ಟಿರುತ್ತದೆ. ಮೊದಲು ದೀಪ ಇಳಿಸಬೇಕು, ಅದು ಆರಿದರೆ ಮನುಷ್ಯ ಇಳಿಯಬಾರದು. ಅದಕ್ಕೆಂದು ಲಾಟೀನಿಗೆ ಉದ್ದ ಹಗ್ಗ ಕಟ್ಟಿಟ್ಟಿದ್ದರು. ಬಾಲರಾಜು ಅದನ್ನು ಬಾಯಿಯೊಳಗೆ ಬಿಟ್ಟ. ಒಂದು ಮೊಳ ಇಳಿಯುವಷ್ಟರಲ್ಲಿ ಕೈಯಲ್ಲಿದ್ದ ಹಗ್ಗ ಸಡಿಲವಾಯಿತು. ಉಳಿದ ಹಗ್ಗವೆಲ್ಲ ಸುರುಳಿಯಾಗಿ ಅವನ ಕಾಲ ಬಳಿಯೇ ಬಿದ್ದಿತ್ತು.

ಅಕ್ಕಯ್ಯಮ್ಮ ಬೋರಲು ಮಲಗಿ, ಕೈ ಇಳಿಬಿಟ್ಟು, ಮುಚ್ಚಿಗೆಗೆ ಹಾಸಿದ್ದ, ಕಪ್ಪಾದ ಹುಲ್ಲನ್ನು ಎಳೆದೆಳೆದು ಹೊರಹಾಕಿದರು. ಹುಲ್ಲಿನ ಕೆಳಗೆ ಒಂದು ಹಿಡಿ ಮುಗ್ಗಿದ ಕಾಳು, ಅದರ ಕೆಳಗೆ ಕೆಂಪಗೆ, ಗುಂಡಗೆ, ಕಂಠಮಟ್ಟ ರಾಗಿ.

"ಮಳೇಲಿ ಕಲ್ಲಿನ ಸುತ್ತ ಕುಸಿದಿತ್ತು," ಎಂದರು ಅವರು, ಸೆರಗಿನಿಂದ ಕೈ ಒರೆಸಿಕೊಳ್ಳುತ್ತ. "ರಾಗಿಗೆ ನೀರಿಳಿದೀತು ಅಂತ ನಾನೇ ಒಸಾ ಮಣ್ಣು ಆಕಿದ್ದೆ. ಕೇಳಿದ್ರೆ ಏಳ್ತಿದ್ದೆ. ಯಾರು ಕೇಳಿದ್ರು?"

ಚಿಕ್ಕಬೈರಪ್ಪನವರು ಮಂಡಿಯೂರಿ ಒಂದು ಬೊಗಸೆ ತೆಗೆದರು. ಮೂಸಿದರು. ಬೆರಳ ಸಂದಿಯಿಂದ ಮೆಲ್ಲಗೆ ಜಾರಿಸಿ, ಅಂಗೈಗೆ ಅಂಟಿದ ಕಾಳುಗಳನ್ನೂ ಬಿಡದೆ ಕುಳಿಗೇ ಕೊಡವಿದರು.

"ಉಳ ಬಿದ್ದಿಲ್ಲ ಅಣ್ಣಯ್ಯ," ಎಂದರು. ಈ ಮಾತು ಅಕ್ಕಯ್ಯಮ್ಮನ ಮೂಲಕ ಹೋಗಲಿಲ್ಲ.

"ರಾಗಿಗೆಲ್ಲಿ ಉಳ ಬೀಳ್ತದೋ," ಎಂದು ಸೊಣ್ಣಪ್ಪನವರು ಬಾಲರಾಜುವಿನ ಕಡೆ ತಿರುಗಿದರು. "ನಿನ್ ಸೀಸೆ ಗತಿ ಏನೀಗ? ಬೇಕಂದ್ರೆ ಇದನ್ನ ಮ್ಯಾಕೆ ತೆಗ್ದು ಇಬ್ರೂ ಹಂಚ್ಕೊಂಡ್ಬಿಡ್ತೀವಿ. ಜಾಗ ಆಯ್ತದೆ. ನೀನೇ ಏಳು."

ಬಿಸಿಲು ನೆತ್ತಿಗೇರುತ್ತಿತ್ತು. ಅಟ್ಟೂರಿನ ಕೋಣೆಯಲ್ಲಿ ಈಗ ಕರೆಂಟಿದೆಯೋ ಇಲ್ಲವೋ ಎಂದು ಬಾಲರಾಜು ಯೋಚಿಸಿದ. ಕುಳಿಯ ಬಾಯಿಯಿಂದ ಬರುತ್ತಿದ್ದ ತಂಪು ಅವನ ಪಾದಕ್ಕೆ ತಾಗುತ್ತಿತ್ತು; ಇದಕ್ಕಿಂತ ಒಳ್ಳೆಯ ಜಾಗ ಈ ಊರಿನಲ್ಲಿ ಸಿಗುವುದಿಲ್ಲವೆಂದು ಆ ಪಾದಕ್ಕೇ ಗೊತ್ತಿತ್ತು. ತಂದೆ ಇನ್ನೂ ಮಂಡಿಯೂರಿಯೇ ಇದ್ದರು, ಮಗನ ಕಡೆ ನೋಡದೆ. ಹಂಚಿಕೊಂಡರೆ ಅರ್ಧ ರಾಗಿ ಅಟ್ಟೂರಿಗೆ ಬರುತ್ತದೆ, ಅರ್ಧ ಇಲ್ಲಿ ಉಳಿಯುತ್ತದೆ, ಲೆಕ್ಕ ಮುಗಿಯುತ್ತದೆ, ಇಬ್ಬರೂ ಸೇರಿ ಕಲ್ಲೆತ್ತುವ ಕಾರಣವೂ.

"ಇರ್ಲಿ ಬಿಡಿ ದೊಡ್ಡಪ್ಪ," ಎಂದ. "ಜನ ಇರೋ ಮನೆ ಖಾಲಿ ಮಾಡ್ಸಿ ಬಾಡಿಗೆಗೆ ಬರೋದು ಚೆನ್ನಾಗಿರಲ್ಲ."

ಹೊಸ ಹುಲ್ಲು ಹಾಸಿ, ಕಲ್ಲು ಮುಚ್ಚಿ, ಸುತ್ತ ಮಣ್ಣು ಒತ್ತಿದರು. ಊಟವಾಗುವವರೆಗೆ ಕಾಯದೆ ಬಾಲರಾಜು ಬೇವಿನ ನೆರಳಿಗೆ ಹೋಗಿ ಹೆಬ್ಬಾಳದ ವಾಸುವಿಗೆ ಫೋನು ಮಾಡಿದ.

"ನೆಲಮಾಳಿಗೆ ಬೇಡ. ಮೇಲಿನ ಫ್ಲೋರಲ್ಲಿ ಕೊಡ್ತೀರಾ?"

"ಮೇಲೆ ನಮ್ಮ ಆಫೀಸ್ ಇದೆ ಸಾರ್."

"ಆಫೀಸ್ ಕೆಳಗಾಕಿ. ನೀವು ನೆಂದ್ರೆ ಒರೆಸ್ಕೋಬಹುದು, ಬಾಟ್ಲಿ ಲೇಬಲ್ ಒರೆಸಕ್ಕಾಗಲ್ಲ."

ವಾಸು ಮೇಲಿನವರನ್ನು ಕೇಳಿ ಹೇಳುವುದಾಗಿ ಹೇಳಿದ. ಕೇಳಿದ, ಅವರು ಒಪ್ಪಿದರು. ನೆಲಮಾಳಿಗೆಗೆ ನೀರು ನುಗ್ಗಿದ ಕಥೆ ಬಾಲರಾಜುವಿಗೆ ಗೊತ್ತಿದ್ದದ್ದು ಆ ಒಪ್ಪಿಗೆಗೆ ಸಹಾಯವಾಯಿತೆಂದು ಹೇಳುವವರಿದ್ದಾರೆ. ಬಾಟಲಿಗಳು ಹೋಗುವ ಮೊದಲೇ ಏಪ್ರಿಲ್ಲಿನ ಬಿಸಿಲು ಇನ್ನೂ ಹತ್ತಾರು ಬಿರಡೆಗಳನ್ನು ಎಬ್ಬಿಸಿತು. ಉಳಿದವು ಹೆಬ್ಬಾಳದ ಎರಡನೆಯ ಮಹಡಿಯಲ್ಲಿ ಮಲಗಿದವು. ಫ್ಲೈಓವರಿನ ಲಾರಿಗಳಿಗೆ ಅಲ್ಲಿ ಗಾಜು ಒಂದಿಷ್ಟು ಅದುರುತ್ತದೆ. ಬಾಲರಾಜು ಅದನ್ನು ಸಹಿಸಿಕೊಂಡ. ಕೆಳಗಿನ ಕೋಣೆಯ ಏಸಿಯನ್ನು ಲಕ್ಷ್ಮಿದೇವಮ್ಮನವರು ತಮ್ಮ ಕೋಣೆಗೆ ಹಾಕಿಸಿಕೊಂಡು, ಚಳಿಯೆಂದು ಎರಡೇ ದಿನಕ್ಕೆ ಆರಿಸಿಟ್ಟರು.

ಮುಂದಿನ ಭಾನುವಾರ ಚಿಕ್ಕಬೈರಪ್ಪನವರು ಬೆಳಿಗ್ಗೆಯೇ ಚಪ್ಪಲಿ ಮೆಟ್ಟಿಕೊಂಡು ಹೊರಟರು. ಎಲ್ಲಿಗೆಂದು ಚೈತ್ರ ಕೇಳಿದಳು. "ಅಗೇವಿನ ಮಣ್ಣು ಕೂತೈತೋ ಇಲ್ವೋ ನೋಡ್ಕೊಂಬತ್ತೀನಿ," ಎಂದು ರಾಜಾನುಕುಂಟೆಯ ಬಸ್ಸು ಹತ್ತಿದರು, ಸಂಜೆಗೆ ಮರಳಿದರು.

ಹೊಸದಾಗಿ ಒತ್ತಿದ ಮಣ್ಣು ಕೂರಲು ಒಂದು ಹದವಾದ ಮಳೆ ಸಾಕೆಂದು ಆ ಸೀಮೆಯಲ್ಲಿ ಎಲ್ಲರೂ ಬಲ್ಲರು. ಆ ವರ್ಷ ಮಳೆಗಾಲ ಬಂದು ಹೋಯಿತು, ಸುಗ್ಗಿಯೂ ಕಳೆಯಿತು. ಮಣ್ಣು ಕೂತಿದೆಯೋ ಇಲ್ಲವೋ ನೋಡಲು ಚಿಕ್ಕಬೈರಪ್ಪನವರು ಭಾನುವಾರದ ಬಸ್ಸಿಗೆ ಹೋಗುತ್ತಲೇ ಇದ್ದರು.