ಅಟ್ಟದ ಕಾಯಿ, ಘಟ್ಟದ ಗಾಳಿ

೧

ಪ್ರವಾಸದ ಕತೆ ಹೊರಡುವಲ್ಲಿಂದ ಶುರುವಾಗಬೇಕೋ, ಹೊರಡಬೇಡ ಎಂದಲ್ಲಿಂದಲೋ? ನಮ್ಮ ಓದುಬಳಗದ ಗೆಳೆಯರು ಎರಡನೆಯದೇ ಸರಿ ಎನ್ನುತ್ತಾರೆ. 'ಬೇಡ' ಇಲ್ಲದೆ ಬಂಡಾಯವಿಲ್ಲ, ಬಂಡಾಯವಿಲ್ಲದೆ ಕತೆಯಿಲ್ಲ. ಆದ್ದರಿಂದ ಹೀಗೆ ಬರೆದೆ:

"ದಂಡಿನಶಿವರದ ಹೊಂಬಾಳಮ್ಮ ಐವತ್ತೆಂಟು ವರ್ಷದಲ್ಲಿ ಘಟ್ಟ ಕಂಡವಳಲ್ಲ. ಕಾಣಲು ಹೊರಟ ದಿನ ಗಂಡ ಹುಚ್ಚಣ್ಣ ಬಾಗಿಲಿಗೆ ಅಡ್ಡ ನಿಂತು ಗರ್ಜಿಸಿದ."

(ಗರ್ಜಿಸಿದ! ಬರೆಯುವಾಗ ನನಗೇ ರೋಮಾಂಚನವಾಯಿತು. ಹುಚ್ಚಣ್ಣನ ಎತ್ತರ ಐದಡಿ. ಗರ್ಜಿಸುವ ಮುಂಚೆ ಬಾಯಲ್ಲಿರುವ ಎಲೆಅಡಿಕೆ ಉಗಿದು ಬರಬೇಕು.)

ಬಾಗಿಲನ್ನು ಹೊಡೆದುಹಾಕಿದೆ. ಗರ್ಜನೆಯನ್ನು ಉಳಿಸಿಕೊಂಡೆ. ಅದು ಸುಳ್ಳಲ್ಲ. ಊರಲ್ಲಿ ಯಾರನ್ನಾದರೂ ಕೇಳಿ, ಅವನು ಹೆಂಡತಿಯ ಜೊತೆ ಮಾತಾಡಿದರೆ ಮೂರನೇ ಮನೆಯ ಹಸು ಕಿವಿ ನಿಮಿರಿಸುತ್ತದೆ. ಈ ಭಾಗವನ್ನು ಬಳಗದಲ್ಲಿ ಓದಿದಾಗ ಚಪ್ಪಾಳೆ ಬಿತ್ತು.

೨

ಮತ್ತೆ ಶುರು. ಎಂಬತ್ತೆಂಟನೇ ಇಸವಿ, ಶಿವರಾತ್ರಿಗೆ ಇನ್ನು ಹದಿನೈದು ದಿನ. ಶಾಲೆಯ ಶ್ರೀರಂಗಯ್ಯ ಮೇಷ್ಟ್ರು ನೋಟ್‌ಬುಕ್ ಹಿಡಿದು ಹುಚ್ಚಣ್ಣನ ಜಗಲಿಗೆ ಬಂದರು.

"ಮೆಟಡಾರ್ ಗೊತ್ತು ಮಾಡಿದೀನಿ. ಕುದುರೆಮುಖ ರಾಷ್ಟ್ರೀಯ ಉದ್ಯಾನ. ಮೂರು ದಿನದ ಟೂರು. ಬರೋರು ಹೆಸರು ಬರೆಸಿ."

"ಉದ್ಯಾನ ಅಂದ್ರೆ ತೋಟ ತಾನೇ ಮೇಷ್ಟ್ರೇ?" ಎಂದ ಹುಚ್ಚಣ್ಣ.

"ಹೂಂ, ಒಂಥರಾ ಹಂಗೇನೇ."

"ಎಷ್ಟೆಕರೆ?"

"ಎಕರೆ ಲೆಕ್ಕ ಅಲ್ಲ ಕಣಪ್ಪ, ಮೈಲಿಗಟ್ಟಲೆ."

"ಅಷ್ಟಕ್ಕೂ ನೀರು ಕಟ್ಟೋರ್ಯಾರು?"

"ಯಾರೂ ಇಲ್ಲ."

"ಪಾತಿ ಮಾಡೋರು?"

"ಇಲ್ಲ."

"ಫಸಲು?"

"ಕೀಳಂಗಿಲ್ಲ. ಒಂದು ಎಲೇನೂ ಮುಟ್ಟಂಗಿಲ್ಲ."

ಹುಚ್ಚಣ್ಣ ಎಲೆಅಡಿಕೆ ಉಗಿದ. "ಸರ್ಕಾರದೋರಿಗೆ ತೋಟ ಮಾಡಕ್ಕೆ ಬರಲ್ಲ ಅಂತ ನಂಗೆ ಮೊದ್ಲೇ ಗೊತ್ತಿತ್ತು ಬುಡಿ. ಇನ್ನು ಕುದ್ರೆ ಮುಖ ನೋಡಕ್ಕೆ ಅಲ್ಲೀಗಂಟ ಯಾಕೆ? ತಿಪಟೂರು ಜಟಕಾ ಸ್ಟ್ಯಾಂಡಲ್ಲಿ ಬೇಕಾದಷ್ಟವೆ."

(ಇಲ್ಲಿ ನಾನು ಒಂದೂವರೆ ಪುಟ ಬರೆದಿದ್ದೆ: ಕಾಡಿನ ಸುತ್ತ ಗೆರೆ ಎಳೆಯುವವರು ಗೆರೆಯೊಳಗೆ ಬದುಕುವವರನ್ನು ಒಂದು ಮಾತು ಕೇಳುತ್ತಾರೆಯೇ, ಯಾರ ಬೆಟ್ಟಕ್ಕೆ ಯಾರ ಬೇಲಿ, ಇತ್ಯಾದಿ. ಅದರ ಒಂದಕ್ಷರಕ್ಕೂ ನಾನು ಇವತ್ತಿಗೂ ಬದ್ಧ. ಆದರೆ ಅಷ್ಟು ಹೊತ್ತೂ ಹೊಂಬಾಳಮ್ಮ ಬಾಗಿಲಲ್ಲಿ ನಿಂತೇ ಇದ್ದಳು. ಮಂಡಿ ನೋವಿನವಳು. ಒಂದೂವರೆ ಪುಟವನ್ನು ಮಡಿಸಿ ಜೇಬಿಗಿಟ್ಟುಕೊಂಡೆ.)

"ಮೇಷ್ಟ್ರೇ, ಆ ಮರ ಎಲ್ಲಾ ಯಾರೂ ಇಟ್ಟಿದ್ದಲ್ವಾ?" ಎಂದಳು ಹೊಂಬಾಳಮ್ಮ.

"ಇಲ್ಲಮ್ಮ, ತಾವಾಗೇ ಹುಟ್ಟಿದ್ದು."

"ಹ್ಞಾ?"

"ತಾವಾಗೇ ಹುಟ್ಟಿದ್ವಂತೆ ಕಣೇ!" ಹುಚ್ಚಣ್ಣ ಕೂಗಿದ ರಭಸಕ್ಕೆ ಮೇಷ್ಟ್ರ ಪೆನ್ನು ಕೆಳಗೆ ಬಿತ್ತು.

ಹೊಂಬಾಳಮ್ಮ ಸ್ವಲ್ಪ ಹೊತ್ತು ಅಂಗಳದಾಚೆಯ ತೋಟ ನೋಡಿದಳು. ಅಲ್ಲಿನ ಒಂದೊಂದು ಮರವನ್ನೂ ಇಟ್ಟವರು ಯಾರೆಂದು ಅವಳಿಗೆ ಗೊತ್ತು. ಆ ಸಾಲು ಮಾವನದು, ಈ ಸಾಲು ತಾನು ಮದುವೆಯಾಗಿ ಬಂದ ವರ್ಷದ್ದು.

"ನನ್ನ ಹೆಸರು ಬರ್ಕಳಿ," ಎಂದಳು.

"ಅಟ್ಟದ ಕಾಯಿ ನೋಡಿ ಇಳಿಸೋದು ಯಾರೇ? ಅಟ್ಟ ಇಳಿಸ್ದೆ ಎಲ್ಲಿಗೂ ಹೋಗಂಗಿಲ್ಲ!" ಹುಚ್ಚಣ್ಣ ಮತ್ತೆ ಕೂಗಿದ.

ಮೇಷ್ಟ್ರು ಹೊಂಬಾಳಮ್ಮನ ಹೆಸರು ಬರೆದು, ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿಕೊಂಡು ಹೊರಟರು.

೪

(ಮೂರನ್ನು ಹರಿದುಹಾಕಿದೆ. ಅದರಲ್ಲಿ ಹೊಂಬಾಳಮ್ಮ ಭಾಷಣ ಮಾಡುತ್ತಿದ್ದಳು.)

ನಮ್ಮ ಕಡೆ ತೆಂಗಿನಕಾಯಿ ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಮಲಗಿರುತ್ತದೆ. ಒಳಗಿನ ನೀರೆಲ್ಲ ಇಂಗಿ, ತಿರುಳು ಚಿಪ್ಪು ಬಿಟ್ಟು ಗುಂಡಗೆ ಕೊಬ್ಬರಿಯಾಗಬೇಕು. ಆತುರಪಟ್ಟು ಒಡೆದರೆ ಕಾಯಿ ಕೆಟ್ಟಿತು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಗುಳಕ್ ಎಂದರೆ ನೀರಿದೆ, ವಾಪಸು ಅಟ್ಟಕ್ಕೆ. ಕಟಕಟ ಎಂದರೆ ಆಯಿತು. ಆ ಮನೆಯಲ್ಲಿ ನಲವತ್ತು ವರ್ಷದಿಂದ ಆ ಕಿವಿ ಹೊಂಬಾಳಮ್ಮನದು.

ಎರಡು ವರ್ಷದಿಂದ ಆ ಕಿವಿ ಹಿಂದೆ ಸರಿಯುತ್ತಿತ್ತು. ಮೊದಲು ಅಳಿಲಿನ ದನಿ ಹೋಯಿತು. ಆಮೇಲೆ ಹಾಲು ಉಕ್ಕುವ ಸದ್ದು. ಆಮೇಲೆ ಕಾಯೊಳಗಿನ ಗುಳಕ್. ಅವಳು ಯಾರಿಗೂ ಹೇಳಲಿಲ್ಲ. ಕಾಯನ್ನು ಕಿವಿಗೆ ಹಿಡಿದಂತೆ ಮಾಡಿ, ಒಳಗಿನ ಗುಂಡು ಚಿಪ್ಪಿಗೆ ಬಡಿಯುವುದನ್ನು ಅಂಗೈಯಲ್ಲಿ ಕಾಯುತ್ತಿದ್ದಳು. ಹೋದ ವಾರ ಅವಳು ಆಯಿತು ಎಂದ ಕಾಯಿ ಒಡೆದಾಗ ನೀರು ಚೆಲ್ಲಿತು. "ಬೆವರೈತೆ," ಎಂದು ಸೆರಗಿನಿಂದ ಒರೆಸಿದಳು. ಹುಚ್ಚಣ್ಣ ಸೂರು ನೋಡುತ್ತ ಕೂತ.

ತೆಂಗಿನ ಗರಿ ಗಾಳಿಗೆ ಏನನ್ನುತ್ತದೆಂಬುದು ಅವಳಿಗೆ ಬಾಯಿಪಾಠ. ಕಿವಿ ಪೂರ್ತಿ ಮುಚ್ಚಿದರೂ ನೆನಪಿನಿಂದ ತೆಗೆದು ಕೇಳಿಸಿಕೊಂಡಾಳು. ಯಾರೂ ನೆಡದ ಮರಗಳು ಏನನ್ನುತ್ತವೆ? ಅದು ಮಾತ್ರ ಇನ್ನೂ ಒಳಗೆ ಸೇರಿಲ್ಲ. ಮುಂದಿನ ವರ್ಷದ ಟೂರಿಗೆ ಕಿವಿ ಇರುತ್ತದೆಯೋ ಇಲ್ಲವೋ.

೫

ನಾನು ಕತೆಯೊಳಗೇ ಹೋಗಿ ಅವಳೆದುರು ನಿಂತೆ. (ಬೇರೆ ದಾರಿಯಿರಲಿಲ್ಲ. ಕಡೇ ಬೆಂಚಿನ ಗೆಳೆಯರು ಕ್ರಾಂತಿ ಯಾವಾಗ ಎಂದು ಕೇಳುತ್ತಿದ್ದರು.)

"ಹೊಂಬಾಳಕ್ಕ, ತಿರುಗಿ ಬೀಳು."

"ಹ್ಞಾ?"

"ತಿರುಗಿ ಬೀಳು!"

"ತಿರುಗಾಡಕ್ಕೆ ಹೊರಟೋಳಿಗೆ ಬೀಳು ಅಂತೀಯಲ್ಲೋ, ಬಿಡ್ತು ಅನ್ನು!"

ಬಿಡ್ತು ಅಂದೆ.

೬

ಮಾರನೇ ದಿನ ಹುಚ್ಚಣ್ಣ ನನ್ನನ್ನು ಹುಡುಕಿಕೊಂಡು ಬಂದ. ಪಂಪ್‌ಸೆಟ್ ಮನೆಯ ಕಟ್ಟೆಯ ಮೇಲೆ ಕೂತ.

"ನಾನು ಗರ್ಜುಸ್ತೀನಿ ಅಂತ ಬರ್ದು ಓದಿದ್ಯಂತೆ," ಎಂದ. ಅವನ ದನಿ ಎಷ್ಟು ಮೆತ್ತಗಿತ್ತೆಂದರೆ ನಾನು ಹತ್ತಿರ ಸರಿಯಬೇಕಾಯಿತು. "ಅವಳಿಗೆ ಕಿವಿ ಕೇಳಲ್ಲ ಕಣ್ಲಾ. ಮೆತ್ತಗೆ ಮಾತಾಡಿದ್ರೆ ಅವಳು ಹ್ಞಾ ಅಂತಾಳೆ, ನಾಕು ಜನ ನಗ್ತಾರೆ. ನಾನು ಕೂಗಿದ್ರೆ ನನ್ನ ಬೈಕಂಡು ಹೋಯ್ತಾರೆ. ಬೈಸ್ಕಂಡ್ರೆ ನಂಗೇನು, ಮೈ ಸವೀತದಾ?"

"ಮತ್ತೆ ಅಟ್ಟ ಇಳಿಸ್ದೆ ಹೋಗ್ಬೇಡ ಅಂದ್ಯಲ್ಲ ಬಾವ?"

"ಅವಳಿಲ್ದೇನೂ ಅಟ್ಟ ಇಳೀತದೆ ಅಂದ್ರೆ, ಅವಳ ಕಿವಿ ಇನ್ನು ಬ್ಯಾಡ ಅಂದಂಗಾಗಲ್ವೇನ್ಲಾ?"

ಚಪ್ಪಾಳೆ ಬಿದ್ದ ನನ್ನ ಮೊದಲ ಪುಟ ಜೇಬಿನಲ್ಲೇ ಬೆವರಿತು. ಆದರೂ ಬಿಡಲಿಲ್ಲ, ನನ್ನದೂ ಒಂದು ಜಾತಿ ಹಟ. "ಅಕ್ಕರೆಯಿಂದ ಹಾಕಿದ್ರೂ ಅಗುಳಿ ಅಗುಳೀನೇ ಬಾವ. ಅವಳನ್ನೇ ಒಂದು ಮಾತು ಕೇಳಬಹುದಿತ್ತು."

"ಕೇಳ್ದೆ. ಅವಳಿಗೆ ಕೇಳುಸ್ಲಿಲ್ಲ." ಟವಲು ಕೊಡವುತ್ತ, "ಮೆತ್ತಗೆ ಕೇಳ್ದೆ ಅನ್ಸುತ್ತೆ," ಎಂದ. ಎದ್ದು ಹೋಗುವಾಗ, "ಇದ ಬರೀಬ್ಯಾಡ," ಎಂದ.

(ಬರೆದೆ. ಓದಿದವರು ಅವಳ ಮುಂದೆ ಆಡಬೇಡಿ.)

ಆ ಸಂಜೆ ಅವನು ಅಟ್ಟಕ್ಕೆ ಏಣಿ ಹಾಕಿ ಒಂದು ಕಾಯಿ ಇಳಿಸಿಕೊಂಡು ಬಂದು ಹೊಂಬಾಳಮ್ಮನ ಮುಂದೆ ಕೂತ.

"ಹೆಂಗೆ ನೋಡೋದು ತೋರ್ಸೇ! ನೀನು ಬರೋಗಂಟ ನಾನು ನೋಡ್ಬೇಕಲ್ಲ!"

ಅವಳು ಕಾಯನ್ನು ತನ್ನ ಕಿವಿಯ ತನಕ ಒಯ್ದಳು. ಅರ್ಧದಲ್ಲೇ ನಿಲ್ಲಿಸಿದಳು. ಗಂಡನ ಮುಖ ನೋಡಿದಳು. ಆಮೇಲೆ ಅದನ್ನು ಅವನ ಅಂಗೈಯಲ್ಲಿಟ್ಟು, ಅವನ ಬೆರಳುಗಳನ್ನು ಒಂದೊಂದಾಗಿ ಮುಚ್ಚಿದಳು.

"ಕಿವೀಗಲ್ಲ," ಎಂದಳು. "ಕೈಗೆ ಕೇಳುಸ್ಕೋ."

೭

ಕೊನೆಗಳು. ಒಂದು: ಘಟ್ಟದ ತುದಿಯಲ್ಲಿ ಹೊಂಬಾಳಮ್ಮ ಕಣ್ಣು ಮುಚ್ಚಿ ನಿಲ್ಲುತ್ತಾಳೆ, ಗಾಳಿ ಬೀಸುತ್ತದೆ, ಕಣ್ಣೀರು ಬರುತ್ತದೆ. (ಇದಕ್ಕೆ ಮತ್ತೆ ಚಪ್ಪಾಳೆ ಗ್ಯಾರಂಟಿ. ಅದಕ್ಕೇ ಬೇಡ.) ಇನ್ನೊಂದು: ಗಾಳಿ ಬೀಸುತ್ತದೆ, ಅವಳಿಗೆ ಏನೂ ಕೇಳಿಸುವುದಿಲ್ಲ. ಇದನ್ನು ಬರೆಯಲು ನನ್ನ ಕೈ ಬರಲಿಲ್ಲ. ಬಂಡಾಯದ ಕೈ ಎಂದು ಹೆಸರು ಬೇರೆ.

ಆದ್ದರಿಂದ ಇಲ್ಲಿಯವರೆಗೆ ಮಾತ್ರ: ಬೆಳಿಗ್ಗೆ ಆರೂವರೆ. ಮೆಟಡಾರ್ ಗುರುಗುಟ್ಟುತ್ತಿದೆ. ಮೇಷ್ಟ್ರು ಪ್ರಶ್ನಾರ್ಥಕ ಚಿಹ್ನೆ ಹೊಡೆದುಹಾಕಿದ್ದಾರೆ. ಹೊಂಬಾಳಮ್ಮ ಕಿಟಕಿಯ ಪಕ್ಕ.

"ಸ್ವೆಟರ್ ಹಾಕ್ಕಳೇ! ಚಳಿ ಐತಂತೆ!" ಹುಚ್ಚಣ್ಣನ ಗರ್ಜನೆಗೆ ಬೀದಿಯೇ ತಿರುಗಿತು.

"ಹೊರಡೋವಾಗ್ಲೂ ಬೈತಾನಲ್ಲಮ್ಮ," ಎಂದಳು ಹಿಂದಿನ ಸೀಟಿನ ಗುರುಶಾಂತಮ್ಮ.

ಹೊಂಬಾಳಮ್ಮ ಸ್ವೆಟರಿನ ಗುಂಡಿ ಹಾಕುತ್ತ ನಗುತ್ತಿದ್ದಳು. ನಾನು ನೋಟ್‌ಬುಕ್ ಹಿಡಿದು ಕಿಟಕಿಯ ಹತ್ತಿರ ಹೋದೆ.

"ಹೊಂಬಾಳಕ್ಕ, ಅಲ್ಲಿ ಏನು ಕೇಳುಸ್ತು ಅಂತ ಬಂದ್ಮೇಲೆ ನಂಗೆ ಹೇಳ್ತೀಯಾ?"

ಅವಳು ನನ್ನ ಮುಖ ನೋಡಿದಳು. ನೋಟ್‌ಬುಕ್ ನೋಡಿದಳು.

"ಹ್ಞಾ?" ಎಂದಳು.

ಇನ್ನೊಂದು ಸಲ ಗಟ್ಟಿಯಾಗಿ ಕೇಳಬಹುದಿತ್ತು. ಕೇಳಲಿಲ್ಲ.